ಬೆಂಗಳೂರಿನಿಂದ ಕುದುರೆಮುಖಕ್ಕೆ: ಹೊರಡುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಶುಕ್ರವಾರ ರಾತ್ರಿ ಬಸ್ಸು ಹತ್ತಿ ಸೋಮವಾರ ಬೆಳಿಗ್ಗೆ ನೇರ ಆಫೀಸಿಗೆ ಹೋಗುವ ಲೆಕ್ಕದಲ್ಲಿ ಬೆಂಗಳೂರಿನ ಎಷ್ಟೋ ಜನ ಕುದುರೆಮುಖದ ದಾರಿ ಹಿಡಿಯುತ್ತಾರೆ. ಹಾಗೆ ಹೊರಟ ಗೆಳೆಯರು, ನೆಂಟರು, ಅಪಾರ್ಟ್‌ಮೆಂಟಿನವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ತುದಿ ಮುಟ್ಟಿ ಫೋಟೊ ತೆಗೆದು ಇಳಿದುಬಿಡುವ ಬದಲು ಅಲ್ಲಿನ ಹುಲ್ಲುಗಾವಲನ್ನೂ ಗುಡ್ಡಗಳ ಮಡಿಲಿನ ಶೋಲಾ ಕಾಡನ್ನೂ ಕಣ್ತುಂಬ ನೋಡಿಕೊಂಡು ಬನ್ನಿ ಎನ್ನುವುದು ನನ್ನ ಆಸೆ. ಆ ವಿಷಯ ಬಂದ ಕಡೆ ಉತ್ತರ ಉದ್ದವಾಗಿದೆ.

ನಂದಿ ಬೆಟ್ಟ ಪಕ್ಕದಲ್ಲೇ ಇರುವಾಗ ಅಷ್ಟು ದೂರ ಯಾಕೆ?

ನಂದಿ ಬೆಟ್ಟ ಚೆಂದವೇ. ಆದರೆ ಎರಡೂ ಬೇರೆ ಬೇರೆ ಲೋಕ. ನಂದಿ, ಸಾವನದುರ್ಗ, ಸ್ಕಂದಗಿರಿ ಎಲ್ಲ ಬಯಲುಸೀಮೆಯ ಬಂಡೆ ಬೆಟ್ಟಗಳು. ಕುದುರೆಮುಖ ಪಶ್ಚಿಮ ಘಟ್ಟದ ಏಣಿನ ಮೇಲಿದೆ. ನಂದಿಯ ಎತ್ತರ 1,478 ಮೀಟರ್, ಕುದುರೆಮುಖ ಶಿಖರದ್ದು 1,894 ಮೀಟರ್. ಎತ್ತರಕ್ಕಿಂತ ಮುಖ್ಯವಾದದ್ದು ಮಳೆ. ಬೆಂಗಳೂರಿಗೆ ಇಡೀ ವರ್ಷ ಬೀಳುವುದು ಹತ್ತಿರಹತ್ತಿರ 1,000 ಮಿ.ಮೀ. ಇದೇ ಘಟ್ಟಸಾಲಿನ ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಅಷ್ಟು ನೀರು ಕುಡಿದ ಬೆಟ್ಟದಲ್ಲಿ ಏನು ಬೆಳೆಯುತ್ತದೆ, ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯಾದರೂ ನಡೆದೇ ನೋಡಬೇಕು.

ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಗಂಗಾಮೂಲದ ಸುತ್ತ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ತುಂಗೆ ಶೃಂಗೇರಿಯ ಮೇಲೆ, ಭದ್ರೆ ಕಳಸದ ಮೇಲೆ ಹರಿದು ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಸೇರಿ, ಕೊನೆಗೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತವೆ. ನೇತ್ರಾವತಿ ಮಂಗಳೂರಿನ ಕಡೆ ಇಳಿದು ಅರಬ್ಬಿ ಸಮುದ್ರ ಸೇರುತ್ತಾಳೆ. ಒಂದೇ ಬೆಟ್ಟಸಾಲಿನ ಮೇಲೆ ಬಿದ್ದ ಮಳೆಗೆ ಎರಡು ಸಮುದ್ರ!

ರಾಷ್ಟ್ರೀಯ ಉದ್ಯಾನ ಎಂದರೆ ನಮಗೆ ಏನು ವ್ಯತ್ಯಾಸ?

ತುಂಬಾ ವ್ಯತ್ಯಾಸ. ಕರ್ನಾಟಕದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆ: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ ಮತ್ತು ಕುದುರೆಮುಖ. 1987ರಲ್ಲಿ ಘೋಷಣೆಯಾದ ಕುದುರೆಮುಖ ಉದ್ಯಾನ ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಹರಡಿದ್ದು, ಸುಮಾರು 600 ಚದರ ಕಿ.ಮೀ. ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲ್ಲಿ ಪೂರ್ತಿ ಅನ್ವಯಿಸುತ್ತದೆ. ಅನುಮತಿ ಇಲ್ಲದೆ ಒಳಗೆ ಕಾಲಿಡುವುದು, ಬೆಂಕಿ ಹಚ್ಚುವುದು, ಗಿಡ ಕೀಳುವುದು ಅಪರಾಧ. "ಯಾರೂ ನೋಡಲಿಲ್ಲ" ಎಂದು ಬೇಲಿ ದಾಟಿದವರ ಮೇಲೆ ಕೇಸು ಬಿದ್ದರೆ ಅದು ಸಣ್ಣ ದಂಡದಲ್ಲಿ ಮುಗಿಯುವ ವಿಷಯವಾಗಿರುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ನನ್ನನ್ನು ಕೇಳಿದರೆ ದಸರಾ ಮುಗಿದ ಮೇಲಿನ ದಿನಗಳು. ಮಳೆ ಹಿಂದೆ ಸರಿದಿರುತ್ತದೆ, ಹುಲ್ಲಿನ ಹಸಿರು ಮಾಸಿರುವುದಿಲ್ಲ, ಹಳ್ಳಗಳಲ್ಲಿ ನೀರು ಹರಿಯುತ್ತಿರುತ್ತದೆ, ಬೆಳಗಿನ ಹೊತ್ತು ದೂರದ ಏಣುಗಳೆಲ್ಲ ಸ್ಪಷ್ಟವಾಗಿ ಕಾಣುತ್ತವೆ. ಡಿಸೆಂಬರಿನಲ್ಲಿ ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ, ಅದಕ್ಕೂ ಒಂದು ಸೊಬಗಿದೆ.

ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯ ಫೋಟೊಗಳನ್ನು ನೋಡಿ ಆಸೆಪಡುವವರು ಬಹಳ. ಆಗ ಮಂಜು ಮುಸುಕಿ ಹತ್ತು ಹೆಜ್ಜೆ ಮುಂದಿನದು ಕಾಣದ ದಿನಗಳೂ ಇರುತ್ತವೆ. ಬೆಳಿಗ್ಗೆ ಪಾದ ನೆನೆಯುವಷ್ಟಿದ್ದ ಹಳ್ಳ ಮಧ್ಯಾಹ್ನ ಇಳಿಯುವಾಗ ತೊಡೆಮಟ್ಟ ಬಂದಿರಬಹುದು. 2019ರ ಆಗಸ್ಟಿನಲ್ಲಿ ಮೂಡಿಗೆರೆ, ಕಳಸದ ಕಡೆ ಗುಡ್ಡಗಳೇ ಜಾರಿ ಮನೆ, ತೋಟ ಕೊಚ್ಚಿಕೊಂಡು ಹೋದವು; ಚಾರ್ಮಾಡಿ ಘಾಟಿ ಬಂದ್ ಆಯಿತು. ರೆಡ್ ಅಲರ್ಟ್ ಕೊಟ್ಟ ದಿನ ಹೊರಡಲೇಬೇಡಿ. ಕೊಟ್ಟ ದುಡ್ಡು ಹೋದರೆ ಹೋಗಲಿ.

ಬೇಸಿಗೆಯ ತಿಂಗಳುಗಳಲ್ಲಿ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಒಂದು ಬೀಡಿ ತುಂಡು ಸಾಕು, ಗಾಳಿಗೆ ಇಡೀ ಗುಡ್ಡ ಉರಿಯುತ್ತದೆ. ಆ ಸಮಯದಲ್ಲಿ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದು ಇದೇ ಕಾರಣಕ್ಕೆ. ಯಾವಾಗ ಮುಚ್ಚುತ್ತಾರೆ, ಯಾವಾಗ ತೆರೆಯುತ್ತಾರೆ ಎನ್ನುವುದು ಆಯಾ ವರ್ಷದ ಮಳೆ, ಬಿಸಿಲಿನ ಮೇಲೆ ಹೋಗುತ್ತದೆ.

ಬೆಂಗಳೂರಿನಿಂದ ದಾರಿ ಯಾವುದು?

ನೆಲಮಂಗಲ, ಕುಣಿಗಲ್, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ. ಮುನ್ನೂರು ಕಿ.ಮೀ. ಮೀರುತ್ತದೆ, ಕಾರಿನಲ್ಲಿ ಏಳೆಂಟು ಗಂಟೆ ಹಿಡಿಯಿರಿ. ಹಾಸನದವರೆಗೆ ಹೆದ್ದಾರಿ, ಮೂಡಿಗೆರೆಯ ನಂತರ ತಿರುವುಗಳೇ. ಹೊಟ್ಟೆ ತೊಳಸುವವರು ಬೇಲೂರಿನಲ್ಲೇ ಮಾತ್ರೆ ತೆಗೆದುಕೊಂಡರೆ ಒಳ್ಳೆಯದು.

ಮೆಜೆಸ್ಟಿಕ್‌ನಿಂದ ಕಳಸ, ಹೊರನಾಡಿಗೆ ರಾತ್ರಿ ಕೆಎಸ್‌ಆರ್‌ಟಿಸಿ ಬಸ್ಸುಗಳಿವೆ. ನನ್ನ ಮತ ಬಸ್ಸಿಗೇ. ಶುಕ್ರವಾರ ರಾತ್ರಿ ಗೊರಗುಂಟೆಪಾಳ್ಯದ ಜಾಮ್ ದಾಟಿ, ನಿದ್ದೆಗೆಟ್ಟು ಗಾಡಿ ಓಡಿಸಿ, ಬೆಳಿಗ್ಗೆ ಬೆಟ್ಟ ಹತ್ತಿ, ಅದೇ ಡ್ರೈವರ್ ಮತ್ತೆ ರಾತ್ರಿ ವಾಪಸ್ ಓಡಿಸುವುದು ಇಡೀ ಪ್ರವಾಸದಲ್ಲೇ ಅತಿ ಅಪಾಯದ ಭಾಗ. ಸ್ವಂತ ಗಾಡಿ ಬೇಕೇ ಬೇಕು ಎಂದಾದರೆ ಇಳಿದ ದಿನ ಅಲ್ಲೇ ಮಲಗಿ, ಮರುದಿನ ತಿಂಡಿ ತಿಂದು ಹೊರಡಿ.

ಕಳಸದಿಂದ ಸಂಸೆ, ಬಾಳೆಗಲ್ ಕಡೆಗೆ ಹೋಗಬೇಕು. ಅಲ್ಲಿಂದ ಚಾರಣ ಶುರುವಾಗುವ ಮುಳ್ಳೋಡಿಗೆ ಹೋಗುವ ದಾರಿ ಕಲ್ಲು, ಕೊರಕಲು. ಊರಿನವರ ಜೀಪೇ ಗತಿ. ನಿಮ್ಮ ಕಾರನ್ನು ಅಲ್ಲಿ ಹತ್ತಿಸುವ ಪ್ರಯತ್ನ ಬೇಡ.

ಮೊದಲೇ ಬುಕ್ ಮಾಡಬೇಕೇ? ಅಲ್ಲಿಗೆ ಹೋಗಿ ನೋಡಿಕೊಂಡರೆ ಆಗದೇ?

ಆಗುವುದಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ನುಗ್ಗಿದ ಮೇಲೆ ಸರ್ಕಾರ ಎಚ್ಚೆತ್ತುಕೊಂಡು, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ನಿಲ್ಲಿಸಿತ್ತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಹೆಸರು, ಗುರುತಿನ ಚೀಟಿಯ ವಿವರ ಕೊಟ್ಟು ಮುಂಚಿತವಾಗಿ ಕಾಯ್ದಿರಿಸಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಶನಿವಾರ, ಭಾನುವಾರದ ಸೀಟುಗಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಖಾಲಿ. ಬುಧವಾರ, ಗುರುವಾರ ರಜೆ ಹಾಕಿ ಹೋದರೆ ಬುಕಿಂಗೂ ಸುಲಭ, ಬೆಟ್ಟದ ಮೇಲೆ ಗಾಳಿಯ ಸದ್ದೂ ಕೇಳುತ್ತದೆ.

ಯಾರ ಹೆಸರಿನಲ್ಲಿ ಬುಕ್ ಆಗಿದೆಯೋ ಅವರೇ ಹೋಗಬೇಕು, ಗುರುತಿನ ಚೀಟಿ ಜೊತೆಗಿರಲಿ. "ಪರ್ಮಿಟ್ ನಾವು ನೋಡಿಕೊಳ್ಳುತ್ತೇವೆ" ಎನ್ನುವ ಟ್ರಾವೆಲ್ಸ್‌ನವರಿಂದ ಟಿಕೆಟ್ಟನ್ನು ಹೊರಡುವ ಮುಂಚೆಯೇ ಕೇಳಿ ಪಡೆಯಿರಿ.

ಚಾರಣ ಎಷ್ಟು ಕಷ್ಟ? ನಾನು ಜಿಮ್‌ಗೆ ಹೋಗುವವನಲ್ಲ.

ಹೋಗಿಬರಲು ಸುಮಾರು 18ರಿಂದ 20 ಕಿ.ಮೀ. ಒಂದೇ ದಿನ ಹತ್ತಿ ಇಳಿಯಬೇಕು, ಏಕೆಂದರೆ ಮೇಲೆ ಉಳಿಯಲು ಅವಕಾಶವಿಲ್ಲ. ಹಗ್ಗ ಹಿಡಿದು ಹತ್ತುವ ಜಾಗ ಯಾವುದೂ ಇಲ್ಲ. ಆದರೆ ದೂರ ಇದೆ. ದಾರಿಯ ಗುರುತಾದ ಒಂಟಿಮರದ ತನಕ ಹುಮ್ಮಸ್ಸಿನಲ್ಲಿ ಓಡಿದವರು ಕೊನೆಯ ಏರಿನಲ್ಲಿ ಸುಸ್ತಾಗಿ ಕೂರುವುದು ಮಾಮೂಲು. ಇಳಿಯುವಾಗ ಮಂಡಿ ಮಾತಾಡತೊಡಗುತ್ತದೆ.

ಜಿಮ್ ಬೇಕಾಗಿಲ್ಲ. ಹೊರಡುವ ಮುಂಚಿನ ಒಂದು ತಿಂಗಳು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ. ಒಂದು ಭಾನುವಾರ ಸುಲ್ತಾನ್‌ಪೇಟೆ ಕಡೆಯಿಂದ ಮೆಟ್ಟಿಲು ಹತ್ತಿ ನಂದಿಗೆ ಹೋಗಿ, ಹಾಗೆಯೇ ಇಳಿದು ಬನ್ನಿ. ಮರುದಿನ ಕಾಲು ಎಷ್ಟು ನೋಯುತ್ತದೆ ಎನ್ನುವುದೇ ನಿಮ್ಮ ಉತ್ತರ. ಹೊಸ ಶೂ ಕೊಂಡರೆ ಅದನ್ನು ಹಾಕಿಕೊಂಡು ಇಲ್ಲೇ ಲಾಲ್‌ಬಾಗ್ ಸುತ್ತಿ ಪಳಗಿಸಿ. ಊರಿನ ಗೈಡ್ ಜೊತೆಗಿರಬೇಕು. ಅವರು "ಸಾಕು, ಇಲ್ಲಿಂದ ವಾಪಸ್ ಹೋಗೋಣ" ಎಂದರೆ ವಾದಕ್ಕೆ ಇಳಿಯಬೇಡಿ. ಮೋಡ ಯಾವ ಕಡೆಯಿಂದ ಕಟ್ಟಿದರೆ ಏನಾಗುತ್ತದೆ ಎಂದು ಅವರು ಚಿಕ್ಕಂದಿನಿಂದ ನೋಡಿದ್ದಾರೆ.

ಬೆಟ್ಟದ ಮೇಲೆ ಮರಗಳೇ ಇಲ್ಲವಲ್ಲ. ಕಡಿದುಬಿಟ್ಟರೇ?

ನನಗೆ ಅತಿ ಇಷ್ಟವಾದ ಪ್ರಶ್ನೆ ಇದು. ಇಲ್ಲ, ಅದು ಇರುವುದೇ ಹಾಗೆ. ಇಲ್ಲಿನ ಎತ್ತರದ ಗುಡ್ಡಗಳಲ್ಲಿ ಎರಡು ಲೋಕ ಅಕ್ಕಪಕ್ಕ ಇವೆ. ಗಾಳಿಗೆ ಮೈಯೊಡ್ಡಿದ, ಮಣ್ಣಿನ ಪದರ ತೆಳುವಾಗಿರುವ ಇಳಿಜಾರಿನಲ್ಲಿ ಹುಲ್ಲು. ಎರಡು ಗುಡ್ಡ ಕೂಡುವ ಮಡಿಲಿನಲ್ಲಿ, ಮಣ್ಣೂ ನೀರೂ ನಿಲ್ಲುವ ಕಡೆ, ಗಿಡ್ಡ ಮರಗಳ ದಟ್ಟ ಶೋಲಾ ಕಾಡು. ಹುಲ್ಲಿನ ಬೇರಿನ ಜಾಲ ಮಳೆಯನ್ನು ಒದ್ದೆ ಕಂಬಳಿಯ ಹಾಗೆ ಹಿಡಿದಿಟ್ಟುಕೊಂಡು ಸಣ್ಣಗೆ ಬಿಡುತ್ತದೆ. ಶೋಲಾದ ಬುಡದಲ್ಲಿ ಅದು ಒರತೆಯಾಗುತ್ತದೆ, ಒರತೆ ಹಳ್ಳವಾಗುತ್ತದೆ. ಮಾರ್ಚ್ ತಿಂಗಳಲ್ಲೂ ಭದ್ರೆಯಲ್ಲಿ ನೀರು ಹರಿಯುವುದರ ಹಿಂದೆ ಈ ಹುಲ್ಲಿನ ಕೆಲಸ ದೊಡ್ಡದಿದೆ.

ದಾರಿಯಲ್ಲಿ ಹುಲ್ಲು ಮುಗಿದು ಶೋಲಾ ಶುರುವಾಗುವ ಅಂಚಿನಲ್ಲಿ ಒಂದು ನಿಮಿಷ ನಿಲ್ಲಿ. ಹೊರಗೆ ಗಾಳಿ ಕಿವಿಗೆ ಬಡಿಯುತ್ತಿರುತ್ತದೆ. ನಾಲ್ಕು ಹೆಜ್ಜೆ ಒಳಗಿಟ್ಟರೆ ಸದ್ದೇ ಇಲ್ಲ. ಮೈಯ ಬೆವರು ತಣ್ಣಗಾಗುತ್ತದೆ. ಕಾಂಡಗಳ ಮೇಲೆ ಬೆರಳು ಹುದುಗುವಷ್ಟು ಪಾಚಿ, ಪಾಚಿಯ ಮೇಲೆ ಜರಿಗಿಡ, ಕೊಂಬೆಗಳಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್. ಮಳೆ ನಿಂತಿದ್ದರೂ ಎಲೆಗಳಿಂದ ಹನಿ ಬೀಳುತ್ತಲೇ ಇರುತ್ತದೆ. ಕಾಲಡಿಯ ಮಣ್ಣು ಕಪ್ಪಗೆ, ಮೆತ್ತಗೆ, ಕೊಳೆತೆಲೆಯ ವಾಸನೆಯದು. ಮತ್ತೆ ಬಿಸಿಲಿಗೆ ಬಂದು ಹುಲ್ಲಿನ ಮಧ್ಯೆ ಬಗ್ಗಿ ನೋಡಿದರೆ ಮಳೆಗಾಲದ ಕೊನೆಯಲ್ಲಿ ಕರ್ಣಕುಂಡಲ ಜಾತಿಯ ಉಗುರಿನಷ್ಟು ಹೂಗಳು ಕಾಣುತ್ತವೆ. ನಿಂತು ನೋಡಿದರೆ ಬರೀ ಹಸಿರು. ಕೂತು ನೋಡಬೇಕು.

ಈ ಹುಲ್ಲನ್ನು ಖಾಲಿ ಮೈದಾನ ಎಂದುಕೊಂಡು ಜನ ಅಡ್ಡಾದಿಡ್ಡಿ ನಡೆಯುತ್ತಾರೆ, ಇಳಿಜಾರಿನಲ್ಲಿ ಜಾರುತ್ತಾರೆ. ಒಂದು ಕಡೆ ಹುಲ್ಲು ಕಿತ್ತುಹೋದರೆ ಮುಂದಿನ ಮಳೆಗೆ ಅಲ್ಲಿ ಕೊರಕಲು ಬೀಳುತ್ತದೆ, ಅದರ ಮುಂದಿನ ಮಳೆಗೆ ಕೊರಕಲು ಹಿರಿದಾಗುತ್ತದೆ. ಕೆಸರಿದ್ದರೂ ಸರಿ, ಇರುವ ಕಾಲುದಾರಿಯಲ್ಲೇ ನಡೆಯಿರಿ. ಕೆಸರು ತಪ್ಪಿಸಲು ಪಕ್ಕಕ್ಕೆ ಸರಿದರೆ ದಾರಿ ಅಗಲವಾಗುತ್ತಲೇ ಹೋಗುತ್ತದೆ.

ಬೀಜದುಂಡೆ ತಂದು ಎಸೆಯಬಹುದೇ?

ದಯವಿಟ್ಟು ಬೇಡ. ಒಳ್ಳೆಯ ಮನಸ್ಸಿನಿಂದಲೇ ಕಂಪನಿಗಳವರು, ಶಾಲೆಯವರು ಚೀಲಗಟ್ಟಲೆ ತರಲು ಹೊರಡುತ್ತಾರೆ. ಮರವಿಲ್ಲದ ಕಡೆಯೆಲ್ಲ ಮರ ಬೇಕು ಎನ್ನುವ ಭಾವನೆ ಬೆಂಗಳೂರಿನ ರಸ್ತೆಗೆ ಸರಿ, ಇಲ್ಲಿಗೆ ಸಲ್ಲದು. ಹುಲ್ಲುಗಾವಲಿನಲ್ಲಿ ಹೊರಗಿನ ಗಿಡ ನಾಟಿದರೆ ಅಲ್ಲಿನದೇ ಆದ ಹುಲ್ಲು, ಹೂ, ಕೀಟ ಎಲ್ಲವೂ ಜಾಗ ಕಳೆದುಕೊಳ್ಳುತ್ತವೆ. ಘಟ್ಟದಲ್ಲಿ ಅಕೇಶಿಯಾ ಹಾಕಿದ ಕಡೆ ಏನಾಗಿದೆ ಎಂದು ಯಾವ ಮಲೆನಾಡಿಗರನ್ನು ಕೇಳಿದರೂ ಹೇಳುತ್ತಾರೆ.

ಅಲ್ಲಿ ಗಣಿ ಇತ್ತಲ್ಲ, ಈಗಲೂ ನಡೆಯುತ್ತಿದೆಯೇ?

ಇಲ್ಲ. 1976ರಲ್ಲಿ ಶುರುವಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇಲ್ಲಿ ಗುಡ್ಡ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿತ್ತು. ಉಳಿದ ಹೂಳು ತುಂಬಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯುತ್ತಿದ್ದುದು ಕಳಸದ ಹಿರಿಯರಿಗೆ ಚೆನ್ನಾಗಿ ನೆನಪಿದೆ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಮತ್ತು ಜೊತೆಗಾರರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಕುದುರೆಮುಖ ಪಟ್ಟಣದಲ್ಲಿ ಆಗಿನ ಕಾಲೊನಿಯ ಮನೆಗಳು ಈಗಲೂ ಕಾಣುತ್ತವೆ, ಬಹಳಷ್ಟು ಖಾಲಿ ಬಿದ್ದಿವೆ. ಆ ಕಾಲೊನಿಯಲ್ಲಿ ಹುಟ್ಟಿ ಬೆಳೆದವರು ಬೆಂಗಳೂರಿನಲ್ಲೂ ಇದ್ದಾರೆ. ಅವರಿಗೆ ಅದು ತವರು. ಗಣಿ ನಿಂತದ್ದು ಸರಿಯೇ ಎಂದು ನಂಬುವ ನನಗೂ ಅವರು ಊರಿನ ಮಾತೆತ್ತಿದಾಗ ಮನಸ್ಸು ಭಾರವಾಗುತ್ತದೆ.

ಇಂಬಳ (ಕಾಡಿನ ಜಿಗಣೆ) ಕಚ್ಚಿದರೆ ಏನು ಮಾಡುವುದು?

ಹೆದರಬೇಡಿ. ಮಳೆಗಾಲದಲ್ಲಿ ಇಂಬಳ ಇದ್ದೇ ಇರುತ್ತದೆ. ತರಗೆಲೆಯ ತುದಿಯಲ್ಲಿ ನೆಟ್ಟಗೆ ನಿಂತು, ನೀವು ಬರುವ ಕಡೆಗೇ ಮೈ ಚಾಚಿ ತೂಗಾಡುತ್ತಿರುತ್ತದೆ. ಶೂ ಹತ್ತಿ, ಸಾಕ್ಸ್ ಒಳಗೆ ನುಸುಳಿ, ಬೆರಳಸಂದಿ ಸೇರುತ್ತದೆ. ನೋವೇ ಆಗುವುದಿಲ್ಲ. ಸಾಕ್ಸ್ ಕೆಂಪಾದಾಗಲೇ ಗೊತ್ತಾಗುವುದು. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಡುವುದರಿಂದ ಉದುರಿದ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ಅದಕ್ಕೆ ಗಾಬರಿ ಬೇಡ.

ಹಿಡಿದು ಜಗ್ಗಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕಡೆಯಿಂದ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಜಾಗ ತೊಳೆದು ಒತ್ತಿ ಹಿಡಿಯಿರಿ. ಊರಿನವರು ಉಪ್ಪು, ಸುಣ್ಣ, ಹೊಗೆಸೊಪ್ಪಿನ ಪುಡಿ ಬಳಸುತ್ತಾರೆ. ಸಾಕ್ಸ್ ಮೇಲೆ ಬೇವಿನೆಣ್ಣೆ ಸವರಿಕೊಂಡರೂ ಹತ್ತಿರ ಬರುವುದು ಕಡಿಮೆ. ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮಳೆ ತಿಂಗಳು ಬಿಟ್ಟು ಹೋಗುವುದೇ ಲೇಸು.

ಮಂಗನ ಕಾಯಿಲೆಯ ಭಯ ಇದೆಯೇ?

ಇಂಬಳಕ್ಕಿಂತ ಇದಕ್ಕೆ ಹೆಚ್ಚು ಗಮನ ಕೊಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಹರಡುವುದು ಉಣುಗಿನಿಂದ, ಅಂದರೆ ಉಣ್ಣೆ ಹುಳದಿಂದ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆ ಪ್ರಕರಣಗಳು ಬರುತ್ತಿರುತ್ತವೆ. ಪೂರ್ತಿ ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ, ತರಗೆಲೆಯ ಮೇಲೆ ಬರಿದೇ ಕೂರಬೇಡಿ. ಕೋಣೆಗೆ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಬಟ್ಟೆ ಬದಲಾಯಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡ್‌ಗೆ ತಿಳಿಸಿ. ವಾಪಸ್ ಬಂದ ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಬೆಂಗಳೂರಿನ ಡಾಕ್ಟರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಎಂದು ಮೊದಲೇ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದು ಡೆಂಗಿಯೇ.

ಪ್ರಾಣಿಗಳು ಕಾಣುತ್ತವೆಯೇ?

ಸಫಾರಿಯ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಹುಲಿ, ಚಿರತೆ, ಕರಡಿ ಎಲ್ಲವೂ ಇವೆ, ಕಾಣುವುದು ಅಪರೂಪ. ಗುಡ್ಡದ ಓರೆಯಲ್ಲಿ ಕಾಟಿಗಳ (ಕಾಡುಕೋಣಗಳ) ಹಿಂಡು, ಕಡವೆ ಸಿಗಬಹುದು. ಕಾಟಿ ಎದುರಾದರೆ ನಿಂತಲ್ಲೇ ನಿಂತು ದಾರಿ ಬಿಡಿ, ಸೆಲ್ಫಿಗೆ ಹತ್ತಿರ ಹೋಗಬೇಡಿ. ಬೆಳಗಿನ ಜಾವ ಹಳ್ಳದ ಹತ್ತಿರ ಯಾರೋ ಹುಡುಗ ಸೀಟಿ ಹೊಡೆದಂತೆ ಕೇಳಿದರೆ ಅದು ಸಿಳ್ಳಾರ ಹಕ್ಕಿ.

ಈ ಕಾಡಿನ ನಿಜವಾದ ಒಡೆಯ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದ ಬೇರಾವ ಕಾಡಿನಲ್ಲೂ ಇಲ್ಲ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿನ ಸಿಂಗಳೀಕಗಳ ಸಮೀಕ್ಷೆ ಮಾಡಿದ್ದು ಈ ಉದ್ಯಾನ ಘೋಷಣೆಯಾಗಲು ಒಂದು ಮುಖ್ಯ ಕಾರಣ. ಮರದಿಂದ ಮರಕ್ಕೇ ಸಾಗುವ ಪ್ರಾಣಿ ಅದು. ಘಟ್ಟದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಮಂಗಗಳಿಗೆ ಚಿಪ್ಸ್ ಎಸೆದರೆ ಅವು ರಸ್ತೆಗಿಳಿಯುವುದನ್ನು ಕಲಿತು ಚಕ್ರಕ್ಕೆ ಸಿಗುತ್ತವೆ.

ಟೆಂಟ್, ಕ್ಯಾಂಪ್‌ಫೈರ್, ಡ್ರೋನ್, ಸ್ಪೀಕರ್?

ಉದ್ಯಾನದೊಳಗೆ ನಾಲ್ಕೂ ಇಲ್ಲ. ಮದ್ಯವೂ ಇಲ್ಲ.

ಏನೇನು ಒಯ್ಯಬೇಕು?

ಎರಡು ಲೀಟರ್ ನೀರು, ಕಟ್ಟಿಸಿಕೊಂಡ ಬುತ್ತಿ, ಓಆರ್‌ಎಸ್, ಟಾರ್ಚ್, ಒಂದು ಜೊತೆ ಒಣ ಸಾಕ್ಸ್. ಬೆಟ್ಟದ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ರೈನ್‌ಕೋಟ್ ಬೇಕು. ಜೀನ್ಸ್ ನೆನೆದರೆ ಒಣಗುವುದಿಲ್ಲ, ಬಿಟ್ಟುಬಿಡಿ. ಮೊಬೈಲ್ ಸಿಗ್ನಲ್ ಬಹಳ ಕಡೆ ಸಿಗದು, ಸಿಕ್ಕರೆ ಬಿಎಸ್‌ಎನ್‌ಎಲ್. ಹಾಗಾಗಿ ಟಿಕೆಟ್‌ನ ಪ್ರಿಂಟ್ ಇಟ್ಟುಕೊಳ್ಳಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಮನೆಯವರಿಗೆ ಹಿಂದಿನ ರಾತ್ರಿಯೇ ಹೇಳಿ. ನಗದು ಬೇಕೇ ಬೇಕು, ಜೀಪಿನವರಿಗೆ ಸಿಗ್ನಲ್ ಇಲ್ಲದ ಜಾಗದಲ್ಲಿ ಯುಪಿಐ ಮಾಡಲಾಗುವುದಿಲ್ಲ. ಒಂದು ಖಾಲಿ ಚೀಲ ಇರಲಿ: ನಿಮ್ಮ ಕಸ, ದಾರಿಯಲ್ಲಿ ಸಿಕ್ಕ ಬೇರೆಯವರ ಕಸ ಎರಡನ್ನೂ ಅದರಲ್ಲಿ ಹಾಕಿ ತನ್ನಿ. ಕಿತ್ತಳೆ ಸಿಪ್ಪೆಯನ್ನೂ.

ಉಳಿಯುವುದು, ಊಟ?

ಸಂಸೆ, ಕಳಸ, ಬಾಳೆಗಲ್ ಸುತ್ತ ಹೋಂಸ್ಟೇಗಳು ಬೇಕಾದಷ್ಟಿವೆ. ಕುದುರೆಮುಖದ ಭಗವತಿ ಪ್ರಕೃತಿ ಶಿಬಿರ ಕಾಡಿನ ಮಧ್ಯೆ, ಹೊಳೆಯ ಪಕ್ಕದಲ್ಲಿದೆ. ನಾನು ಹೇಳುವುದು ಊರಿನ ಕುಟುಂಬವೇ ನಡೆಸುವ ಸಣ್ಣ ಮನೆ ಹುಡುಕಿ ಎಂದು. ಬೆಳಿಗ್ಗೆ ಕಡುಬು ಅಥವಾ ಅಕ್ಕಿರೊಟ್ಟಿ, ಜೊತೆಗೆ ಕಾಯಿಚಟ್ನಿ, ಅವರದೇ ತೋಟದ ಕಾಫಿ. ಕಾಡಿನಂಚಿನ ಮಲೆಕುಡಿಯ ಆದಿವಾಸಿಗಳೂ ಇತರ ಕುಟುಂಬಗಳೂ ಉದ್ಯಾನದ ಕಾನೂನುಗಳ ನಡುವೆ ಇಕ್ಕಟ್ಟಿನಲ್ಲೇ ಬದುಕುತ್ತಿದ್ದಾರೆ. ನಿಮ್ಮ ದುಡ್ಡು ಅವರ ಕೈ ಸೇರಿದರೆ ಕಾಡಿಗೂ ಒಳ್ಳೆಯದು. ರಾತ್ರಿ ಹತ್ತರ ಮೇಲೆ ಅಂಗಳದಲ್ಲಿ ಗಲಾಟೆ ಮಾಡಬೇಡಿ, ಅವರು ನಾಲ್ಕಕ್ಕೇ ಎದ್ದು ನಿಮಗೆ ಬುತ್ತಿ ಕಟ್ಟಬೇಕು.

ಅಪ್ಪ ಅಮ್ಮನನ್ನು, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಖಂಡಿತ. ಶಿಖರ ಹತ್ತಲೇಬೇಕೆಂದಿಲ್ಲ. ಕಳಸದಿಂದ ಕುದುರೆಮುಖದ ಮೇಲೆ ಕಾರ್ಕಳದ ಕಡೆಗೆ ಹೋಗುವ ರಸ್ತೆಯೇ ಒಂದು ಪ್ರವಾಸ. ಒಂದು ತಿರುವಿಗೆ ಹುಲ್ಲುಗಾವಲು, ಮತ್ತೊಂದಕ್ಕೆ ದಟ್ಟ ಕಾಡು. ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರ್ ಬರೆಸಿ ನಿಧಾನಕ್ಕೆ ಸಾಗಿ. ಗುರುತಿಸಿದ ಜಾಗ ಬಿಟ್ಟು ಬೇರೆಡೆ ನಿಲ್ಲಿಸುವಂತಿಲ್ಲ. ಕಡಾಂಬಿ ಜಲಪಾತ ರಸ್ತೆಯ ಪಕ್ಕದಲ್ಲೇ ಇದೆ, ಮಂಡಿ ನೋವಿನ ಅಮ್ಮನೂ ನೋಡಬಹುದು. ಹನುಮನಗುಂಡಿಗೆ ಮೆಟ್ಟಿಲು ಇಳಿಯಬೇಕು, ವಾಪಸ್ ಹತ್ತಬೇಕು ಎನ್ನುವುದು ನೆನಪಿರಲಿ. ಕಳಸೇಶ್ವರನ ದರ್ಶನ ಮಾಡಿ, ಹೊರನಾಡಿನ ಅನ್ನಪೂರ್ಣೇಶ್ವರಿಯ ಪ್ರಸಾದ ಊಟ ಮಾಡಿದರೆ ಹಿರಿಯರಿಗೂ ತೃಪ್ತಿ. ಜೋರು ಮಳೆಯಲ್ಲಿ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗುವುದುಂಟು, ಕಳಸದಲ್ಲಿ ಕೇಳಿಕೊಂಡೇ ಹೊರನಾಡಿಗೆ ಹೊರಡಿ.

ಬುಕಿಂಗ್ ಸಿಗಲೇ ಇಲ್ಲ. ಈಗ?

ಇದೇ ಬೆಟ್ಟಸಾಲಿನಲ್ಲಿ ಕುರಿಂಜಾಲು, ಗಂಗಡಿಕಲ್ಲು, ನರಸಿಂಹ ಪರ್ವತ ಇವೆ. ಅವಕ್ಕೂ ಅನುಮತಿ ಬೇಕು, ಆದರೆ ಶಿಖರದಷ್ಟು ನೂಕುನುಗ್ಗಲು ಇರುವುದಿಲ್ಲ. ಕುರಿಂಜಾಲು ದೂರ ಕಡಿಮೆ, ಮೊದಲ ಸಲದವರಿಗೆ ನಾನು ಅದನ್ನೇ ಹೇಳುತ್ತೇನೆ. ಹುಲ್ಲುಗಾವಲು, ಶೋಲಾ ಎರಡೂ ಅಲ್ಲೂ ಸಿಗುತ್ತವೆ. ಯಾವುದೇ ಆದರೂ ಟಿಕೆಟ್ ಕೈಗೆ ಬಂದ ಮೇಲೆಯೇ ಹೋಂಸ್ಟೇಗೆ ಮುಂಗಡ ಕಳಿಸಿ. ಮಳೆಯಿಂದ ಚಾರಣ ರದ್ದಾದರೆ ದಿನಾಂಕ ಬದಲಾಯಿಸಿ ಕೊಡುತ್ತೀರಾ ಎಂದು ಫೋನಿನಲ್ಲಿ ಕೇಳಿ, ಆ ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಂಡಿರಿ.